ಟಾಟಾ ಇನ್‌ಸ್ಟಿಟ್ಯೂಟ್ ಕಟ್ಟಿಸಿದವರು ಅದನ್ನು ನೋಡಲೇ ಇಲ್ಲ

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನ ಬಾದ್ ನೌಹೈಮ್‌ಗೆ ಹೋಗಿದ್ದೀರಿ? ಫ್ರಾಂಕ್‌ಫರ್ಟ್‌ನಲ್ಲಿ ರೈಲು ಹತ್ತಿದರೆ ಅರ್ಧ ಗಂಟೆ ಚಿಲ್ಲರೆ, ಅಷ್ಟೇ. ಮುಳ್ಳುಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿ ದೊಡ್ಡ ಗೋಡೆ ಮಾಡಿ, ಮೇಲಿನಿಂದ ಉಪ್ಪುನೀರು ತೊಟ್ಟಿಕ್ಕಿಸ್ತಾರಲ್ಲ, ಆ ಊರು. ಅದರ ಪಕ್ಕ ನಿಂತು ಉಸಿರೆಳೆದುಕೊಂಡರೆ ಉಡುಪಿ ಕಡೆಯ ಸಮುದ್ರದ ದಂಡೆಯಲ್ಲಿ ನಿಂತ ಹಾಗಿರುತ್ತೆ. ನಿಮ್ಮ ಅಪ್ಪ ಅಮ್ಮನಿಗೆ ಅದು ಎಲ್ವಿಸ್ ಪ್ರೀಸ್ಲಿ ಸೈನ್ಯದಲ್ಲಿದ್ದಾಗ ವಾಸವಾಗಿದ್ದ ಊರು ಅಂತ ಗೊತ್ತಿರಬಹುದು. ಆದರೆ ನಮಗೆ, ಅಂದರೆ ಬೆಂಗಳೂರಿನ ಜೊತೆ ಒಂದಿಷ್ಟಾದರೂ ನಂಟಿರುವವರಿಗೆ, ಆ ಊರು ನೆನಪಿರಬೇಕಾದ್ದು ಬೇರೆ ಕಾರಣಕ್ಕೆ. 1904ರ ಮೇ 19ರಂದು ಅಲ್ಲಿ ಜಮ್‌ಶೆಟ್‌ಜಿ ನಸರ್ವಾನ್‌ಜಿ ಟಾಟಾ ಕಣ್ಣು ಮುಚ್ಚಿದರು. ಹೃದಯದ ಕಾಯಿಲೆ ಇದ್ದವರು ಆಗ ಎಲ್ಲೆಲ್ಲಿಂದಲೋ ಆ ಊರಿಗೆ ಚಿಕಿತ್ಸೆಗೆ ಬರುತ್ತಿದ್ದರು. ಅವರೂ ಹಾಗೇ ಬಂದವರು.

ಅವರ ಕಥೆ ಈ ವರ್ಷವೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ದೊಡ್ಡ ಮಕ್ಕಳ ತರಗತಿಯಲ್ಲಿ ಒಂದು ಶನಿವಾರ ಪಾಠ ನಿಂತು ಚರ್ಚೆ ಶುರುವಾಯಿತು. ಆಬಿಟೂರ್ ಆದ ಮೇಲೆ ಯೂನಿವರ್ಸಿಟಿಗೆ ಹೋಗಬೇಕಾ, ಕೈಕೆಲಸ ಕಲಿಸುವ ಆಉಸ್‌ಬಿಲ್ಡುಂಗ್ ಸಾಕಾ? ಫಿಸಿಕ್ಸ್ ಓದಿ, ಸಂಶೋಧನೆ ಮಾಡಿ, ಆಮೇಲೆ ಕೆಲಸ ಸಿಗದಿದ್ದರೆ? ಹೊರಗೆ ಕಾಫಿ ಕುಡಿಯುತ್ತ ನಿಂತಿದ್ದ ಅಪ್ಪ ಅಮ್ಮಂದಿರದೂ ಅದೇ ಮಾತು. ನಾಲ್ಕನೇ ಕ್ಲಾಸು ಮುಗಿಯುವಾಗ ಗಿಮ್ನಾಸಿಯಂ ಸಿಗುತ್ತೋ ಇಲ್ಲವೋ ಎಂದು ಶುರುವಾಗುವ ಚಿಂತೆ ಇದು, ಮುಗಿಯೋದೇ ಇಲ್ಲ. ಓದಿದವರಿಗೆ ಕೆಲಸ ಎಲ್ಲಿದೆ ಅನ್ನುವ ಈ ಪ್ರಶ್ನೆಯನ್ನು 1898ರಲ್ಲಿ ಭಾರತದ ವೈಸ್‌ರಾಯ್ ಅವರೇ ಜಮ್‌ಶೆಟ್‌ಜಿ ಅವರ ಕಡೆಯವರಿಗೆ ಕೇಳಿದ್ದರು. ಅಲ್ಲಿಗೆ ಬರುತ್ತೇನೆ. ಮೊದಲು ಅವರ ಬಾಲ್ಯ.

1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಹುಟ್ಟಿದರು. ಪಾರ್ಸಿ ಪುರೋಹಿತರ ಮನೆತನ. ನಮ್ಮ ಕಡೆ ವೈದಿಕರ ಮನೆ ಅಂತೀವಲ್ಲ, ಹಾಗೆ. ತಂದೆ ನಸರ್ವಾನ್‌ಜಿ ಆ ಮನೆತನದಲ್ಲಿ ಮೊದಲ ಬಾರಿಗೆ ವ್ಯಾಪಾರಕ್ಕಿಳಿದು ಮುಂಬಯಿ ಸೇರಿದವರು. ಮಗನನ್ನೂ ಅಲ್ಲಿಗೆ ಕರೆಸಿಕೊಂಡು ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿಸಿದರು. 1858ರಲ್ಲಿ ಓದು ಮುಗಿಯಿತು. ಆ ಕಾಲದಲ್ಲಿ ವ್ಯಾಪಾರಿಯ ಮಗ ಕಾಲೇಜು ಮುಗಿಸೋದು ಅಪರೂಪ. ಮುಂದೆ ಎಷ್ಟು ದೊಡ್ಡ ಉದ್ಯಮಿ ಆದರೂ ಅವರಿಗೆ ಓದಿನ ಹುಚ್ಚು ಬಿಡಲಿಲ್ಲ.

ಓದು ಮುಗಿದ ಮೇಲೆ ತಂದೆಯ ವ್ಯಾಪಾರಕ್ಕೇ ಸೇರಿ ಹಾಂಗ್‌ಕಾಂಗ್‌ಗೆ ಹೋದರು. ಹತ್ತಿಯ ಜೊತೆ ಅಫೀಮಿನ ವ್ಯಾಪಾರವೂ ಇತ್ತು. ಆ ಕಾಲದ ಮುಂಬಯಿಯ ಬಹಳಷ್ಟು ದೊಡ್ಡ ವ್ಯಾಪಾರಿಗಳು ಮಾಡುತ್ತಿದ್ದದ್ದೇ, ಆದರೂ ಮುಚ್ಚಿಡೋದು ಬೇಡ. ಆಮೇಲೆ ಲಂಡನ್. ಅಮೆರಿಕದಲ್ಲಿ ಅಂತರ್ಯುದ್ಧ ನಡೀತಾ ಇದ್ದದ್ದರಿಂದ ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ದೊಪ್ಪನೆ ಬಿತ್ತು. ಲಂಡನ್ನಿನಲ್ಲಿದ್ದ ಇಪ್ಪತ್ತಾರರ ಹುಡುಗನ ಕೈಯಲ್ಲಿ ಬೆಲೆಯಿಲ್ಲದ ಕಾಗದಗಳು, ಬಾಗಿಲಲ್ಲಿ ಸಾಲಗಾರರು. ಅವರು ಓಡಿಹೋಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಸಾಲಗಾರರ ಮುಂದೆ ಇಟ್ಟರು, ಲೆಕ್ಕ ತೀರಿಸುವ ಕೆಲಸವನ್ನು ಅವರು ಈ ಹುಡುಗನಿಗೇ ವಹಿಸಿದರು.

1868ರಲ್ಲಿ 21,000 ರೂಪಾಯಿ ಬಂಡವಾಳದಲ್ಲಿ ಸ್ವಂತ ಕಂಪನಿ, ಆಮೇಲೆ ಮುಂಬಯಿಯಲ್ಲಿ ಒಂದು ಗಿರಣಿ, 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್. ಹತ್ತಿ ಬೆಳೆಯುವ ಜಾಗದಲ್ಲೇ ಬಟ್ಟೆ ಮಾಡಬೇಕು ಅಂತ ಎಲ್ಲರೂ ಬೇಡವೆಂದರೂ ನಾಗಪುರಕ್ಕೆ ಹೋದರು. ಆ ಮಿಲ್ಲಿನ ಯಶಸ್ಸಿನ ಕಥೆ ದೊಡ್ಡದು, ಇಲ್ಲಿ ಬೇಡ. ಒಂದು ಮಾತ್ರ ಹೇಳ್ತೀನಿ. ಯಂತ್ರ ಕೆಟ್ಟರೆ ರಿಪೇರಿಗೆ, ಹೊಸ ಯಂತ್ರ ಜೋಡಿಸೋದಕ್ಕೆ, ಬಣ್ಣ ಹಾಕುವ ರಸಾಯನ ತಿಳಿದುಕೊಳ್ಳೋದಕ್ಕೆ ಇಂಗ್ಲೆಂಡಿನ ಕಡೆ ಮುಖ ಮಾಡಬೇಕಾಗುತ್ತಿತ್ತು. ದುಡ್ಡು ನಮ್ಮದು, ಹತ್ತಿ ನಮ್ಮದು, ದುಡಿಯುವ ಕೈ ನಮ್ಮದು. ತಿಳಿವಳಿಕೆ ಮಾತ್ರ ಬೇರೆಯವರದು.

ಆಗ ನಮ್ಮಲ್ಲಿ ಯೂನಿವರ್ಸಿಟಿ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಕಲ್ಕತ್ತ, ಮುಂಬಯಿ, ಮದ್ರಾಸ್, ಮೂರೂ 1857ರಲ್ಲಿ ಶುರುವಾದವು. ಆದರೆ ಅವು ಪಾಠ ಹೇಳುತ್ತಿರಲಿಲ್ಲ! ಪಾಠ ಕಾಲೇಜುಗಳಲ್ಲಿ, ಯೂನಿವರ್ಸಿಟಿ ಮಾಡುತ್ತಿದ್ದದ್ದು ಪರೀಕ್ಷೆ ನಡೆಸಿ ಡಿಗ್ರಿ ಕೊಡುವ ಕೆಲಸ. ಪ್ರಯೋಗಶಾಲೆ ಕಟ್ಟಿಕೊಂಡು ಹೊಸದೇನಾದರೂ ಕಂಡುಹಿಡಿಯೋದು ಅವುಗಳ ಲೆಕ್ಕದಲ್ಲೇ ಇರಲಿಲ್ಲ. ಡಿಗ್ರಿ ಪಡೆದವರು ಬಹುಪಾಲು ಸರ್ಕಾರಿ ಕಚೇರಿಗೋ ಕೋರ್ಟಿಗೋ ಹೋಗುತ್ತಿದ್ದರು. 1889ರಲ್ಲಿ ಮುಂಬಯಿಯ ಗವರ್ನರ್ ಲಾರ್ಡ್ ರೇ ತಮ್ಮ ಒಂದು ಭಾಷಣದಲ್ಲಿ, ಬರೀ ಪರೀಕ್ಷೆ ನಡೆಸುವ ಯೂನಿವರ್ಸಿಟಿಗಳಿಂದ ಇನ್ನು ಮುಂದೆ ಸಾಗುವುದಿಲ್ಲ, ಕಲಿಸುವ ನಿಜವಾದ ಯೂನಿವರ್ಸಿಟಿ ಬೇಕು ಎಂಬ ಅರ್ಥದ ಮಾತಾಡಿದರು. ಜಮ್‌ಶೆಟ್‌ಜಿ ಅವರ ಮನಸ್ಸಿನಲ್ಲಿ ಆ ಮಾತು ಕೂತುಬಿಟ್ಟಿತು.

ಅವರು ಮೊದಲು ಮಾಡಿದ್ದು ಸಣ್ಣ ಕೆಲಸ. ನಮ್ಮಲ್ಲೇ ಕಲಿಯಲು ಜಾಗವಿಲ್ಲದಿದ್ದರೆ ಜಾಣ ಮಕ್ಕಳನ್ನು ಇರುವ ಕಡೆಗೇ ಕಳಿಸೋಣ ಅಂತ 1892ರಲ್ಲಿ ಒಂದು ನಿಧಿ ಮಾಡಿದರು. ಮೊದಲಿಗೆ ಪಾರ್ಸಿಗಳಿಗೆ ಮಾತ್ರ ಇತ್ತು, 1894ರಲ್ಲಿ ಭಾರತೀಯರೆಲ್ಲರಿಗೂ ತೆರೆದರು. ಶುರುವಿನಲ್ಲೇ ಹೀಗೆ ಹೋದವರಲ್ಲಿ ಡಾಕ್ಟರಿಕೆಗೆ ಹೋದ ಹೆಣ್ಣುಮಕ್ಕಳೂ ಇದ್ದರು. ಇದು ದಾನ ಅಲ್ಲ, ಸಾಲ. ಓದಿ ಬಂದು ದುಡಿಯಲು ಶುರುಮಾಡಿದ ಮೇಲೆ ವಾಪಸ್ ಕೊಡಬೇಕು, ಆ ದುಡ್ಡಿನಲ್ಲಿ ಮುಂದಿನವರು ಹೋಗಬೇಕು. ಇಲ್ಲಿ ಬಾಫ್ಯೋಗ್ ತೆಗೆದುಕೊಂಡು ಓದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ, ಅದರಲ್ಲಿ ಅರ್ಧವಾದರೂ ಮನ್ನಾ! ಬಹಳ ವರ್ಷಗಳ ಮೇಲೆ ಈ ನಿಧಿಯಿಂದ ಲಂಡನ್ನಿಗೆ ಹೋಗಿ ಓದಿದವರಲ್ಲಿ ನಮ್ಮ ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಇದ್ದಾರೆ, ರಾಷ್ಟ್ರಪತಿಯಾದ ಕೆ. ಆರ್. ನಾರಾಯಣನ್ ಇದ್ದಾರೆ. ನಿಧಿ ಈಗಲೂ ನಡೀತಾ ಇದೆ.

ಆದರೆ ವರ್ಷಕ್ಕೆ ನಾಲ್ಕು ಜನರನ್ನು ಹೊರಗೆ ಕಳಿಸಿದರೆ ಇಡೀ ದೇಶಕ್ಕೆ ಸಾಲುತ್ತಾ? 1893ರ ಜುಲೈನಲ್ಲಿ ಜಮ್‌ಶೆಟ್‌ಜಿ ಜಪಾನಿನ ಯೊಕೊಹಾಮಾದಲ್ಲಿ ಹಡಗು ಹತ್ತಿದರು. ಷಿಕಾಗೋದ ದೊಡ್ಡ ವಸ್ತುಪ್ರದರ್ಶನ ನೋಡೋದಕ್ಕೆ ಹೊರಟಿದ್ದರು. ಅದೇ ಹಡಗಿನಲ್ಲಿ ಷಿಕಾಗೋಗೇ ಹೊರಟಿದ್ದ ಇನ್ನೊಬ್ಬ ಭಾರತೀಯರಿದ್ದರು: ಮೂವತ್ತು ವರ್ಷದ ಸ್ವಾಮಿ ವಿವೇಕಾನಂದ. ಆಗಿನ್ನೂ ಸ್ವಾಮೀಜಿ ಜಗತ್ತಿಗೆ ಗೊತ್ತಿರಲಿಲ್ಲ. ಐವತ್ತನಾಲ್ಕರ ಉದ್ಯಮಿ, ಮೂವತ್ತರ ಸನ್ಯಾಸಿ, ಸುತ್ತ ಪೆಸಿಫಿಕ್ ಸಾಗರ, ಹನ್ನೊಂದು ಹನ್ನೆರಡು ದಿನ. ಇವತ್ತಿನ ಹಾಗೆ ಹೆಡ್‌ಫೋನ್ ಹಾಕಿಕೊಂಡು ಕೂರುವ ವಿಮಾನ ಪ್ರಯಾಣ ಆಗಿದ್ದರೆ ಇಬ್ಬರೂ ಮಾತೇ ಆಡುತ್ತಿರಲಿಲ್ಲವೇನೋ! ಐದು ವರ್ಷದ ಮೇಲೆ, 1898ರ ನವೆಂಬರ್‌ನಲ್ಲಿ, ಜಮ್‌ಶೆಟ್‌ಜಿ ಸ್ವಾಮೀಜಿಗೆ ಪತ್ರ ಬರೆದು ಆ ಹಡಗಿನ ಮಾತುಕತೆ ನೆನಪಿಸಿದರು. ತಾವು ಮಾಡಬೇಕೆಂದಿರುವ ಸಂಶೋಧನಾ ಸಂಸ್ಥೆಯ ಪರವಾಗಿ ಜನರನ್ನು ಎಚ್ಚರಿಸಲು ನೆರವು ಕೇಳಿದರು. ಸ್ವಾಮೀಜಿ ಆ ಕೆಲಸದ ಮುಂದಾಳತ್ವ ವಹಿಸಲಿಲ್ಲ. ಆದರೆ ಅವರ ಬಳಗದ ಪತ್ರಿಕೆ ಯೋಜನೆಯನ್ನು ಬೆಂಬಲಿಸಿ ಬರೆಯಿತು, ಸೋದರಿ ನಿವೇದಿತಾ ಇದಕ್ಕಾಗಿ ಓಡಾಡಿದರು.

ಆ ಹೊತ್ತಿಗೆ ಯೋಜನೆ ಎಲ್ಲರಿಗೂ ಗೊತ್ತಾಗಿತ್ತು. 1898ರಲ್ಲಿ ಜಮ್‌ಶೆಟ್‌ಜಿ ಮುಂಬಯಿಯಲ್ಲಿದ್ದ ತಮ್ಮ 14 ಕಟ್ಟಡ ಮತ್ತು 4 ಜಮೀನುಗಳನ್ನು ಇದಕ್ಕೆ ಕೊಡುವುದಾಗಿ ಹೇಳಿಬಿಟ್ಟಿದ್ದರು. ಬೆಲೆ ಸುಮಾರು 30 ಲಕ್ಷ ರೂಪಾಯಿ, ಅಂದರೆ ಅವರ ಸ್ವಂತ ಆಸ್ತಿಯ ಹೆಚ್ಚುಕಡಿಮೆ ಅರ್ಧ. ಬೇರೆ ದೇಶದ ಯೂನಿವರ್ಸಿಟಿಗಳನ್ನು ನೋಡಿಕೊಂಡು ಬರಲು ಬರ್ಜೋರ್‌ಜಿ ಪಾದಶಾ ಎಂಬ ವಿದ್ವಾಂಸರನ್ನು ಯುರೋಪ್, ಅಮೆರಿಕಕ್ಕೆ ಕಳಿಸಿದ್ದರು. ಮಾದರಿಯಾಗಿ ಅವರಿಗೆ ಹಿಡಿಸಿದ್ದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್. ಆ ಯೂನಿವರ್ಸಿಟಿ ತನ್ನ ಮಾದರಿ ತೆಗೆದುಕೊಂಡದ್ದು ಎಲ್ಲಿಂದ ಅಂತೀರಿ? ಇಲ್ಲಿಂದ, ಜರ್ಮನಿಯಿಂದ! ಕಲಿಸುವ ಪ್ರೊಫೆಸರೇ ಸಂಶೋಧನೆಯನ್ನೂ ಮಾಡಬೇಕು, ವಿದ್ಯಾರ್ಥಿ ಅವರ ಪಕ್ಕ ನಿಂತು ಕೆಲಸ ಮಾಡುತ್ತಲೇ ಕಲಿಯಬೇಕು ಅನ್ನುವ ಪದ್ಧತಿ 19ನೇ ಶತಮಾನದಲ್ಲಿ ಬೆಳೆದದ್ದು ಈ ನೆಲದಲ್ಲಿ. ನಿಮ್ಮ ಅಣ್ಣ ಅಕ್ಕಂದಿರು ಇಲ್ಲಿಯ ಯೂನಿವರ್ಸಿಟಿಯಲ್ಲಿ ಬ್ಯಾಚೆಲರ್ ಥೀಸಿಸ್ ಅಂತ ಒದ್ದಾಡ್ತಾರಲ್ಲ, ಅದರ ಬೇರು ಅದೇ.

ಈಗ ವೈಸ್‌ರಾಯ್ ಪ್ರಶ್ನೆಗೆ ಬರೋಣ. ಹೊಸ ವೈಸ್‌ರಾಯ್ ಲಾರ್ಡ್ ಕರ್ಜನ್ 1898ರ ಡಿಸೆಂಬರ್ ಕೊನೆಯಲ್ಲಿ ಮುಂಬಯಿಗೆ ಬಂದಿಳಿದರು. ಇಳಿದ ಮರುದಿನವೇ ಈ ಯೋಜನೆಯವರು ಕರಡು ಹಿಡಿದು ಎದುರು ನಿಂತರು. ಕರ್ಜನ್ ಅವರಿಗೆ ಎರಡು ಅನುಮಾನ. ಇಷ್ಟು ಮೇಲ್ಮಟ್ಟದ ಓದಿಗೆ ತಕ್ಕ ವಿದ್ಯಾರ್ಥಿಗಳು ಭಾರತದಲ್ಲಿ ಸಿಗುತ್ತಾರಾ? ಸಿಕ್ಕಿ, ಓದಿದರು ಅಂತಲೇ ಇಟ್ಟುಕೊಳ್ಳಿ, ಆಮೇಲೆ ಅವರಿಗೆ ಕೆಲಸ ಎಲ್ಲಿದೆ?

ಮೊದಲನೆಯ ಅನುಮಾನ ನಮ್ಮವರ ಬುದ್ಧಿಯ ಬಗ್ಗೆ ಆಳುವವರಿಗಿದ್ದ ತಾತ್ಸಾರ ಅಂತ ತಳ್ಳಿಹಾಕಬಹುದು. ಎರಡನೆಯದು ಹಾಗಲ್ಲ. ನ್ಯಾಯವಾದ ಪ್ರಶ್ನೆ. ಆಗ ದೇಶದಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇರಲಿಲ್ಲ, ಕರೆಂಟು ಇನ್ನೂ ಬರಬೇಕಿತ್ತು, ರಸಾಯನದ ಕೈಗಾರಿಕೆ ಅನ್ನೋದು ಹೆಸರಿಗೂ ಇಲ್ಲ. ಕೆಮಿಸ್ಟ್ರಿಯಲ್ಲಿ ಪಂಡಿತನಾದ ಹುಡುಗ ಹೋಗಿ ಯಾರ ಬಾಗಿಲು ತಟ್ಟಬೇಕು? ನಿಮ್ಮ ಅಪ್ಪ ಅಮ್ಮನೂ ಇದನ್ನೇ ಅಲ್ವಾ ಕೇಳೋದು!

ಜಮ್‌ಶೆಟ್‌ಜಿ ಅವರ ಉತ್ತರ ಅವರು ಆ ವರ್ಷಗಳಲ್ಲಿ ಮಾಡುತ್ತಿದ್ದ ಬೇರೆ ಕೆಲಸಗಳಲ್ಲಿತ್ತು. 1882ರಲ್ಲಿ ಒಬ್ಬ ಜರ್ಮನ್ ಭೂವಿಜ್ಞಾನಿ ಮಧ್ಯ ಭಾರತದ ಕಬ್ಬಿಣದ ಅದಿರಿನ ಬಗ್ಗೆ ಬರೆದ ವರದಿ ಓದಿದಾಗಿನಿಂದ ಅವರಿಗೆ ಉಕ್ಕಿನ ಕನಸು. ಅಲ್ಲಿಯ ಅದಿರು, ಕಲ್ಲಿದ್ದಲನ್ನು ಪರೀಕ್ಷೆಗೆಂದು ಜರ್ಮನಿಗೂ ತಂದಿದ್ದರು, ಆಗ ಅದು ಸರಿಬರಲಿಲ್ಲ. 1902ರಲ್ಲಿ, ಅರವತ್ತು ದಾಟಿದ ವಯಸ್ಸಲ್ಲಿ, ಮತ್ತೆ ಅಮೆರಿಕಕ್ಕೆ ಹೋಗಿ ಉಕ್ಕಿನ ಕುಲುಮೆಗಳನ್ನು ನೋಡಿ ಎಂಜಿನಿಯರುಗಳನ್ನು ಹುಡುಕಿದರು. ಪಶ್ಚಿಮ ಘಟ್ಟದ ಮಳೆನೀರಿನಿಂದ ಮುಂಬಯಿಗೆ ವಿದ್ಯುತ್ ಕೊಡುವ ಯೋಜನೆ ಇನ್ನೊಂದು. ನಮ್ಮ ಬೆಂಗಳೂರಿನಲ್ಲೂ ಜಪಾನಿನ ಪರಿಣತರನ್ನು ಕರೆಸಿ ರೇಷ್ಮೆ ಸಾಕಣೆ ಕಲಿಸುವ ತೋಟ ಮಾಡಿದರು. ಬಸವನಗುಡಿ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಬಡಾವಣೆ ಇದೆಯಲ್ಲ, ಅಲ್ಲಿ ಅಜ್ಜಿ ಮನೆ ಇರುವ ಮಕ್ಕಳು ನಮ್ಮ ಶಾಲೆಯಲ್ಲೇ ಇಬ್ಬರಿದ್ದಾರೆ. ಅಂದರೆ ಒಂದು ಕೈಯಲ್ಲಿ ಕಲಿಯುವ ಜಾಗ, ಇನ್ನೊಂದು ಕೈಯಲ್ಲಿ ಕಲಿತವರಿಗೆ ಕೆಲಸ. ಒಂದು ಆಗಲಿ ಆಮೇಲೆ ಇನ್ನೊಂದು ನೋಡೋಣ ಅಂತ ಅವರು ಕಾಯಲಿಲ್ಲ. ಕಾದಿದ್ದರೆ ಎರಡೂ ಆಗುತ್ತಿರಲಿಲ್ಲ ಅಂತ ನನಗನ್ನಿಸುತ್ತೆ.

ಸರ್ಕಾರ ಮಾತ್ರ ಕಾಯಿಸಿತು. ಸರ್ ವಿಲಿಯಂ ರಾಮ್ಸೆ ಅವರನ್ನು ಇಂಗ್ಲೆಂಡಿನಿಂದ ಕರೆಸಿ ವರದಿ ಕೇಳಲಾಯಿತು. ಯಾರು ರಾಮ್ಸೆ ಅಂದರೆ, ನಿಮ್ಮ ಹುಟ್ಟುಹಬ್ಬದ ಬಲೂನಿನಲ್ಲಿರುವ ಹೀಲಿಯಂ ಅನಿಲವನ್ನು ಭೂಮಿಯ ಮೇಲೆ ಮೊದಲು ಬೇರ್ಪಡಿಸಿದವರು, ಮುಂದೆ ನೊಬೆಲ್ ಪಡೆದವರು. ಅವರು ಹತ್ತು ವಾರ ದೇಶ ಸುತ್ತಿ, ಸಂಸ್ಥೆ ಮಾಡಬಹುದು, ಅದಕ್ಕೆ ಬೆಂಗಳೂರು ಸರಿಯಾದ ಊರು ಅಂದರು. ಸರ್ಕಾರಕ್ಕೆ ಅಷ್ಟು ಸಾಲದೆ ಇನ್ನಿಬ್ಬರಿಂದ ಮತ್ತೊಂದು ವರದಿ ತರಿಸಿಕೊಂಡಿತು. ಖರ್ಚು ಕಡಿಮೆ ಮಾಡಿ, ವಿಭಾಗ ಕಡಿಮೆ ಮಾಡಿ ಅಂತ ಜಗ್ಗಾಟ. ಮೊದಲ ಕರಡಿನಲ್ಲಿ ವಿಜ್ಞಾನದ ಜೊತೆ ವೈದ್ಯಕೀಯ, ತತ್ವಶಾಸ್ತ್ರ, ಶಿಕ್ಷಣಶಾಸ್ತ್ರವೂ ಇದ್ದವು. ಅವೆಲ್ಲ ಬಿದ್ದುಹೋದವು. ನನಗೆ ಇದೊಂದು ಬೇಸರ. ಲ್ಯಾಬಿನ ಪಕ್ಕದ ಕಟ್ಟಡದಲ್ಲೇ ತತ್ವಶಾಸ್ತ್ರದವರೂ ಕೂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಸುಮ್ಮನೆ ಅನುಮಾನ ಪಡದೆ ಕೈ ಚಾಚಿದವರು ಮೈಸೂರಿನವರು. ಆಗ ಮಹಾರಾಜ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕ ಹುಡುಗ, ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯ ನೋಡಿಕೊಳ್ಳುತ್ತಿದ್ದರು, ದಿವಾನರು ಶೇಷಾದ್ರಿ ಅಯ್ಯರ್. ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕೊಡುವ ಕೆಲಸ ಕೈಗೆತ್ತಿಕೊಂಡಿದ್ದ ಸಂಸ್ಥಾನ ಅದು. ಓದಿದ ಎಂಜಿನಿಯರಿನ ಬೆಲೆ ಅವರಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿ 371 ಎಕರೆ ಜಾಗ, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ಅದರ ಮೇಲೆ ವರ್ಷವರ್ಷವೂ 50,000 ರೂಪಾಯಿ ಮೈಸೂರಿನಿಂದ ಬಂತು. 371 ಎಕರೆ ಅಂದರೆ 200ಕ್ಕೂ ಹೆಚ್ಚು ಫುಟ್‌ಬಾಲ್ ಮೈದಾನ, ಲೆಕ್ಕ ಹಾಕಿ.

ಇಷ್ಟಾದರೂ ಸರ್ಕಾರದ ಒಪ್ಪಿಗೆ ಬರಲಿಲ್ಲ. 1904ರ ಮಾರ್ಚ್‌ನಲ್ಲಿ ಜಮ್‌ಶೆಟ್‌ಜಿ ಅವರ ಹೆಂಡತಿ ಹೀರಾಬಾಯಿ ತೀರಿಕೊಂಡರು. ಅವರು ಆಗ ಯುರೋಪಿನಲ್ಲಿದ್ದರು, ಮೈಗೆ ಹುಷಾರಿರಲಿಲ್ಲ. ಬಾದ್ ನೌಹೈಮ್‌ಗೆ ಬಂದರು. ಕೊನೆಯ ದಿನಗಳಲ್ಲಿ ಮನೆಯವರಿಗೆ, ನಾನು ಶುರು ಮಾಡಿದ್ದನ್ನು ಬೆಳೆಸಲು ಆಗದಿದ್ದರೂ ಇರುವಷ್ಟನ್ನು ಕಳೆಯಬೇಡಿ ಎಂಬ ಅರ್ಥದಲ್ಲಿ ಹೇಳಿದರಂತೆ. ಅರವತ್ತೈದು ವರ್ಷ. ಉಕ್ಕಿನ ಕಾರ್ಖಾನೆ ಇಲ್ಲ, ವಿದ್ಯುತ್ ಇಲ್ಲ, ಸಂಸ್ಥೆಯ ಒಂದು ಇಟ್ಟಿಗೆಯೂ ಇಲ್ಲ. ಇದ್ದದ್ದು ಕಾಗದ, ವರದಿ, ಪತ್ರ. ಅವರನ್ನು ಮಣ್ಣು ಮಾಡಿದ್ದು ಇಂಗ್ಲೆಂಡಿನ ಬ್ರುಕ್‌ವುಡ್ ಸ್ಮಶಾನದಲ್ಲಿ, ಪಾರ್ಸಿಗಳಿಗೆ ಬಿಟ್ಟ ಭಾಗದಲ್ಲಿ.

ಈಗ ಯೋಚಿಸಿ. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಅಪ್ಪನ ಕೆಲಸ ಅಪ್ಪನ ಜೊತೆ ಹೋಯಿತು ಅಂದುಬಿಡಬಹುದಿತ್ತು. 30 ಲಕ್ಷದ ಆಸ್ತಿ ಮನೆಯಲ್ಲೇ ಉಳಿಯುತ್ತಿತ್ತು. ಹಾಗೆ ಮಾಡಲಿಲ್ಲ, ಕೊಟ್ಟೇಬಿಟ್ಟರು. 1909ರ ಮೇ ತಿಂಗಳಲ್ಲಿ ಸರ್ಕಾರದ ಆದೇಶ ಬಂತು. 1911ರ ಫೆಬ್ರುವರಿಯಲ್ಲಿ, ಅಷ್ಟು ಹೊತ್ತಿಗೆ ದೊಡ್ಡವರಾಗಿ ರಾಜ್ಯವಾಳುತ್ತಿದ್ದ ಕೃಷ್ಣರಾಜ ಒಡೆಯರೇ ಬಂದು ಅಡಿಗಲ್ಲು ಹಾಕಿದರು. ಅದೇ ವರ್ಷ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಒಳಗೆ ಬಂದರು. ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ, ಶುರುವಾದದ್ದು ಇಷ್ಟರಲ್ಲೇ. ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್, ರಾಮ್ಸೆ ಅವರ ಜೊತೆ ಲ್ಯಾಬಿನಲ್ಲಿ ದುಡಿದವರು.

ಕರ್ಜನ್ ಪ್ರಶ್ನೆ ಏನಾಯಿತು? ಅದಕ್ಕೆ ನಿಮ್ಮ ಬಚ್ಚಲುಮನೆಯಲ್ಲೇ ಒಂದು ಉತ್ತರ ಇದೆ. ಮೈಸೂರಿನ ಗಂಧದ ಮರ ಆಗೆಲ್ಲ ಕೊರಡಾಗಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದವರು ಇಲ್ಲಿಯವರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಹಡಗುಗಳು ನಿಂತವು, ಗಂಧದ ಕೊರಡುಗಳು ಮೈಸೂರಿನಲ್ಲಿ ರಾಶಿ ಬಿದ್ದವು. ಆಗ ಈ ಸಂಸ್ಥೆಯ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ತಮ್ಮ ಲ್ಯಾಬಿನಲ್ಲಿ ಗಂಧದ ಎಣ್ಣೆ ತೆಗೆಯುವ ವಿಧಾನ ಸಿದ್ಧಪಡಿಸಿದರು. 1916ರಲ್ಲಿ ಎಣ್ಣೆ ಬಂತು, ಕಾರ್ಖಾನೆ ಬಂತು, ಅದರ ಹಿಂದೆಯೇ ಸೋಪು. ಊರಿಂದ ಬರುವಾಗ ಅಜ್ಜಿ ಸೂಟ್‌ಕೇಸಿನಲ್ಲಿ ತುರುಕಿ ಕಳಿಸುವ ಮೈಸೂರು ಸ್ಯಾಂಡಲ್ ಸೋಪಿನ ಕಥೆ ಇದು. ಮುಂದೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಬಂದಾಗ, 1942ರಲ್ಲಿ ಇದೇ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಸತೀಶ್ ಧವನ್ ಅವರಂತೂ ಈ ಸಂಸ್ಥೆಯನ್ನೂ ಇಸ್ರೋವನ್ನೂ ಎಷ್ಟೋ ವರ್ಷ ಒಟ್ಟಿಗೇ ನಡೆಸಿದರು. ಕೆಲಸ ಎಲ್ಲಿದೆ ಅಂತ ಕೇಳಿದ ಊರಿನಲ್ಲಿ ಈಗ ಕೆಲಸ ಹುಡುಕಿಕೊಂಡು ಇಡೀ ದೇಶ ಬರುತ್ತೆ, ಟ್ರಾಫಿಕ್ ಜಾಮ್ ಆಗುವಷ್ಟು.

ಜಮ್‌ಶೆಟ್‌ಜಿ ಅವರದು ಒಂದು ಹಟ ಇತ್ತು. ಸಂಸ್ಥೆಗೆ ತಮ್ಮ ಹೆಸರು ಬೇಡ. ಅದು ದೇಶದ್ದಾಗಬೇಕು, ಬೇರೆಯವರೂ ತಮ್ಮದು ಅಂದುಕೊಂಡು ದುಡ್ಡು ಹಾಕಬೇಕು ಅನ್ನುವ ಲೆಕ್ಕ. ಹಾಗಾಗಿ ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಮುಂದಿನ ಬೇಸಿಗೆ ರಜೆಗೆ ಬೆಂಗಳೂರಿಗೆ ಹೋದಾಗ ಮಲ್ಲೇಶ್ವರದ ಕಡೆಯಿಂದ ಯಶವಂತಪುರಕ್ಕೆ ಹೋಗುವ ಬಸ್ಸು ಹತ್ತಿ. ಭಾರತೀಯ ವಿಜ್ಞಾನ ಸಂಸ್ಥೆಗೆ ಎರಡು ಟಿಕೆಟ್ ಕೊಡಿ ಅಂತ ನಮ್ಮ ಶಾಲೆಯ ಕನ್ನಡದಲ್ಲಿ ಕೇಳಿದರೆ ಕಂಡಕ್ಟರ್ ಒಂದು ಕ್ಷಣ ನಿಮ್ಮ ಮುಖ ನೋಡ್ತಾರೆ. ಟಾಟಾ ಇನ್‌ಸ್ಟಿಟ್ಯೂಟ್ ಅಂದು ನೋಡಿ, ತಕ್ಷಣ ಹರಿದು ಕೊಡ್ತಾರೆ.